ಅಮ್ಮನ ಸೈಕಲ್ಲು, ನನ್ನ ನೆಗಡಿ

ನೆಗಡಿಗೆ ಔಷಧಿ ತೆಗೆದುಕೊಂಡರೆ ಒಂದು ವಾರ, ತೆಗೆದುಕೊಳ್ಳದಿದ್ದರೆ ಏಳು ದಿನ ಅಂತ ತಮಾಷೆಯ ಮಾತೊಂದಿದೆಯಲ್ಲ, ನನ್ನ ನೆಗಡಿ ಆ ಎರಡಕ್ಕೂ ಸೊಪ್ಪು ಹಾಕಲಿಲ್ಲ. ದೀಪಾವಳಿಯ ಎಣ್ಣೆಸ್ನಾನದ ಮಾರನೆಯ ದಿನ ಬಂದು ಕುಳಿತದ್ದು ಮೂರನೆಯ ವಾರವಾದರೂ ಏಳುವ ಲಕ್ಷಣ ತೋರಿಸಲಿಲ್ಲ. ಜ್ವರ ಬಂದು ಹೋಯಿತು, ಸೀನು ನಿಂತಿತು. ಉಳಿದದ್ದು ಮೂರು: ರಾತ್ರಿ ತಲೆ ದಿಂಬಿಗೆ ತಾಗಿದೊಡನೆ ಏಳುವ ಒಣಕೆಮ್ಮು, ಬಾವಿಯೊಳಗೆ ಕುಳಿತವರಂತೆ ಕೇಳಿಸುವ ಕಿವಿ, ಒಗ್ಗರಣೆ ಸೀದರೂ ತಿಳಿಯದ ಮೂಗು.

ಅಡಿಗೆಮನೆಯ ವೈದ್ಯವೆಲ್ಲ ಆಯಿತು. ಶುಂಠಿ, ಮೆಣಸು, ಹಿಪ್ಪಲಿಯ ಕಷಾಯ, ದೊಡ್ಡಪತ್ರೆಯ ರಸ, ಅರಿಶಿನದ ಹಾಲು, ಎದುರುಮನೆಯವರು ಹೇಳಿದ ಬೆಳ್ಳುಳ್ಳಿ, ಹಿಂದಿನ ಮನೆಯವರು ಬೇಡವೇ ಬೇಡವೆಂದ ಬೆಳ್ಳುಳ್ಳಿ. ರಾತ್ರಿ ಹಣೆಗೂ ಮೂಗಿಗೂ ಅಮೃತಾಂಜನ. ಈ ಅಮೃತಾಂಜನ ಹುಟ್ಟಿದ್ದು 1893ರಲ್ಲಿ, ಮುಂಬಯಿಯಲ್ಲಿ. ಕಾಶೀನಾಥುನಿ ನಾಗೇಶ್ವರರಾವ್ ಎಂಬ ಆಂಧ್ರದವರು ಶುರುಮಾಡಿದ್ದು. ಅಂದರೆ ನಮ್ಮಜ್ಜಿಯ ಅಮ್ಮನ ತಲೆನೋವಿಗೂ ಇದೇ ಹಳದಿ ಮುಲಾಮು. ಅದರ ಘಾಟೂ ನನಗೆ ತಿಳಿಯುತ್ತಿರಲಿಲ್ಲವೆಂದರೆ ನನ್ನ ಮೂಗಿನ ಸ್ಥಿತಿಯನ್ನು ನೀವೇ ಊಹಿಸಿಕೊಳ್ಳಿ.

ಕೊನೆಗೆ ನಮ್ಮ ಬೀದಿಯ ಡಾಕ್ಟರರ ಹತ್ತಿರ ಹೋದೆ. ಬೆನ್ನಿಗೆ ಸ್ಟೆತಸ್ಕೋಪು ಇಟ್ಟು, ಉಸಿರು ಎಳೆಸಿ ಬಿಡಿಸಿ, “ಎದೆ ಚೆನ್ನಾಗಿದೆ. ನೆಗಡಿಯ ಬಾಲ ಅಷ್ಟೇ. ಆದರೂ ಎರಡು ವಾರ ದಾಟಿದ ಕೆಮ್ಮು ಅಂದ್ರೆ ಒಂದ್ಸಲ ಕಫ ಪರೀಕ್ಷೆ ಮಾಡಿಸಿಬಿಡೋದು ನಿಯಮ. ಗಾಬರಿ ಬೇಡಿ” ಎಂದರು. ಗಾಬರಿ ಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ತಾನೆ ಗಾಬರಿ ಶುರುವಾಗುವುದು! ಮೈಸೂರಿನಲ್ಲಿ ಕಫ ಪರೀಕ್ಷೆ ಎಂದರೆ ಹಳಬರಿಗೆ ನೆನಪಾಗುವ ಜಾಗ ಒಂದೇ: ಕೆ.ಆರ್.ಎಸ್. ರಸ್ತೆಯ ಸ್ಯಾನಟೋರಿಯಂ. ಮೊದಲ ಸಲ ಮಗ ಕಾರಿನಲ್ಲಿ ಕರೆದುಕೊಂಡು ಹೋಗಿ ಕೊಡಿಸಿಕೊಂಡು ಬಂದ. ಫಲಿತಾಂಶಕ್ಕೆ ಹೋಗಬೇಕಾದ ದಿನ ಬೆಳಿಗ್ಗೆ ನಾನು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಸೈಕಲ್ಲಿನ ಸೀಟು ಒರೆಸುತ್ತಿದ್ದೆ.

“ಅತ್ತೆ, ಎಲ್ಲಿಗೆ?”

“ಸ್ಯಾನಟೋರಿಯಂಗೆ.”

“ಇದರಲ್ಲಾ? ಕೆಮ್ಮು ಇನ್ನೂ ನಿಂತಿಲ್ಲ. ಗಾಳಿ ಹೊಡೆದು ಮತ್ತೆ ಜಾಸ್ತಿ ಆಗುತ್ತೆ. ನಾನೇ ಆಫೀಸಿಂದ ಬರ್ತಾ ತರ್ತೀನಿ, ಇಲ್ಲಾಂದ್ರೆ ಆಟೋಲಿ ಹೋಗಿ. ಇನ್ಮೇಲೆ ಈ ಸೈಕಲ್ ಬಿಟ್ಟುಬಿಡಿ ಅತ್ತೆ, ಸಾಕು.”

ಸೊಸೆ ಒಳ್ಳೆಯವಳು, ಹೇಳಿದ್ದು ಕಾಳಜಿಯಿಂದಲೇ. ಆದರೆ ‘ಬಿಟ್ಟುಬಿಡಿ’ ಎಂಬ ಮಾತು ಕಿವಿ ಮುಚ್ಚಿದ್ದರೂ ನನಗೆ ಸ್ಪಷ್ಟವಾಗಿ ಕೇಳಿಸಿತು. ನನ್ನ ಹಟಕ್ಕೊಂದು ಹಳೆಯ ಲೆಕ್ಕವಿದೆ. ದಾರಿಯುದ್ದಕ್ಕೂ ಹೇಳುತ್ತೇನೆ, ಹೇಗೂ ನಿಧಾನವಾಗಿ ತುಳಿಯುತ್ತಿದ್ದೇನೆ.

ನಮ್ಮ ಮನೆ ಕೃಷ್ಣಮೂರ್ತಿಪುರದಲ್ಲಿ. ಹಿಂಬಾಗಿಲು ತೆರೆದರೆ ಕನ್ಸರ್ವೆನ್ಸಿ ಗಲ್ಲಿ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನ ಹಿಂದೆ ಓಡುವ ಈ ಕಿರಿದಾದ ಓಣಿಗಳನ್ನು ನೀವು ನೋಡಿರಬಹುದು. ಇವು ಬಂದದ್ದು ಪ್ಲೇಗಿನ ಭಯದಿಂದ. 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಪ್ಲೇಗು ಮೈಸೂರನ್ನೂ ಬಿಡಲಿಲ್ಲ. ಇಲಿ ಬಿದ್ದರೆ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುವ ಕಾಲ. ಇಕ್ಕಟ್ಟು, ಗಾಳಿಯಿಲ್ಲದ ಓಣಿ, ಮನೆಯೊಳಗೇ ಕೊಳೆಯುವ ಕಸ ಇವೇ ರೋಗದ ಮನೆ ಎಂದು ಅಂದಿನವರು ತೀರ್ಮಾನಿಸಿದರು. 1903ರಲ್ಲಿ ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡು ಬಂತು. ಇಕ್ಕಟ್ಟಿನ ಕೇರಿಗಳನ್ನು ಒಡೆದು ರಸ್ತೆ ಅಗಲ ಮಾಡಿದರು, ಚಾಮರಾಜಪುರ, ಲಕ್ಷ್ಮೀಪುರದಂಥ ಬಡಾವಣೆಗಳು ಚೌಕಾಕಾರದಲ್ಲಿ ಬೆಳೆದವು, ಮನೆಯ ಮುಂದೆ ಗಾಳಿಗೆ ಅಗಲ ಬೀದಿ, ಹಿಂದೆ ಕಸ ಸಾಗಿಸಲು ಗಲ್ಲಿ. ಮೈಸೂರಿನ ರಸ್ತೆಗಳ ಅಂದವನ್ನು ಹೊಗಳುವಾಗ ನಾವು ಮಹಾರಾಜರನ್ನು ನೆನೆಯುತ್ತೇವೆ, ದಿವಾನರನ್ನು ನೆನೆಯುತ್ತೇವೆ. ಇಲಿಯನ್ನು ಯಾರೂ ನೆನೆಯುವುದಿಲ್ಲ.

ಕಸದ ಗಾಡಿಗೆಂದು ಮಾಡಿದ ಆ ಗಲ್ಲಿಗಳಲ್ಲೇ ನಮ್ಮೂರಿನ ಎಷ್ಟೋ ಹೆಣ್ಣುಮಕ್ಕಳು ಸೈಕಲ್ ಕಲಿತದ್ದು. ಮುಂದಿನ ಬೀದಿಯಲ್ಲಿ ಕಲಿತರೆ ಜಗುಲಿಯ ಮೇಲೆ ಕುಳಿತ ಹಿರಿಯರೆಲ್ಲ ನೋಡುತ್ತಾರೆ. ಹಿಂದಿನ ಗಲ್ಲಿಯಲ್ಲಿ ಬಿದ್ದರೆ ನೋಡುವುದು ಹಸು ಮಾತ್ರ. ಅಮ್ಮ ಕಲಿತದ್ದು ಹಾಗೇ. ನಾನು ಕಲಿತದ್ದೂ ಹಾಗೇ, ಗಂಟೆಗೆ ಇಪ್ಪತ್ತೈದು ಪೈಸೆಯ ಬಾಡಿಗೆ ಸೈಕಲ್ಲಿನಲ್ಲಿ, ಬಾರಿನ ಕೆಳಗಿನಿಂದ ಕಾಲು ತೂರಿಸಿ ಒಳಪೆಡಲು ಹೊಡೆದು. ಮೊಣಕಾಲಿನ ಕಲೆ ಇನ್ನೂ ಇದೆ.

ರಾಮಸ್ವಾಮಿ ಸರ್ಕಲ್ಲಿಗೆ ಬರುವಷ್ಟರಲ್ಲಿ ಒಂದು ಸಂಗತಿ ತಿಳಿಯಿತು. ಸೈಕಲ್ ತುಳಿಯುವವರು ಕಣ್ಣಿನಿಂದ ಎಷ್ಟೋ ಕಿವಿಯಿಂದಲೂ ಅಷ್ಟೇ ನೋಡುತ್ತಾರೆ. ನಮಗೆ ಕನ್ನಡಿಯಿಲ್ಲ. ಹಿಂದೆ ಬರುತ್ತಿರುವುದು ಬಸ್ಸೋ ಆಟೋವೋ, ಬಲಕ್ಕೆ ಸರಿಯುತ್ತಿದೆಯೋ ಎಡಕ್ಕೆ ಒತ್ತುತ್ತಿದೆಯೋ ಎಲ್ಲ ಶಬ್ದದಿಂದಲೇ. ಕಿವಿ ಕಟ್ಟಿಕೊಂಡಾಗ ಆ ಹಿಂದಿನ ಕಣ್ಣು ಹೋಗಿಬಿಡುತ್ತದೆ. ಸಿಟಿ ಬಸ್ಸೊಂದು ಹಾರನ್ ಹೊಡೆದದ್ದು ನನಗೆ ಯಾರೋ ಪಕ್ಕದ ಮನೆಯಲ್ಲಿ ಕುರ್ಚಿ ಎಳೆದಂತೆ ಕೇಳಿಸಿತು. ತಿರುಗಿ ನೋಡಿದರೆ ಅದು ಮಾರುದ್ದದಲ್ಲಿತ್ತು! ಸೊಸೆಯ ಮಾತು ಪೂರ್ತಿ ತಪ್ಪಲ್ಲವಪ್ಪ ಎನ್ನಿಸಿತು, ಒಪ್ಪಿಕೊಳ್ಳುತ್ತೇನೆ. ಇಳಿದು, ರಸ್ತೆಯ ಅಂಚಿಗೆ ಹೋಗಿ, ಮೂಗು ಹಿಡಿದು ಕೆನ್ನೆ ಉಬ್ಬಿಸಿ, ಎಂಜಲು ನುಂಗಿ, ಎಡಗಿವಿಯನ್ನು ಅರ್ಧದಷ್ಟು ತೆರೆಸಿಕೊಂಡೆ. ಸೈಕಲ್ಲನ್ನು ತಳ್ಳಿಕೊಂಡೇ ಸರ್ಕಲ್ ದಾಟಿದೆ. ಈ ಸರ್ಕಲ್ಲಿಗೆ ಹೆಸರು ಬಂದದ್ದು 1947ರ ಮೈಸೂರು ಚಲೋ ಚಳವಳಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯಿಂದ. ಆಗ ಅಮ್ಮನಿಗೆ ಏಳು ವರ್ಷ. ಅಂದು ಊರೆಲ್ಲ ಬಾಗಿಲು ಹಾಕಿಕೊಂಡಿತ್ತೆಂದು ಹೇಳುತ್ತಿದ್ದಳು.

ಮುಂದೆ ಝಾನ್ಸಿ ಲಕ್ಷ್ಮೀಬಾಯಿ ರಸ್ತೆ. ಎಡಬಲಕ್ಕೆಲ್ಲ ಸ್ಕೂಟರುಗಳು, ಅವುಗಳ ನಡುವೆ ಕಾಲೇಜು ಹುಡುಗಿಯರು, ಬೆನ್ನಿಗೆ ಚೀಲ, ತಲೆಗೆ ಹೆಲ್ಮೆಟ್ಟು. ಮಹಾರಾಣಿ ಕಾಲೇಜಿನ ಮುಂದೆ ಬಂದಾಗಲೆಲ್ಲ ನನಗೆ ಗಾಡಿಗಳ ನೆನಪಾಗುತ್ತದೆ. ನಾನು ಕಂಡದ್ದಲ್ಲ, ಕೇಳಿದ್ದು. 1881ರಲ್ಲಿ ಅಂಬಿಲ್ ನರಸಿಂಹ ಅಯ್ಯಂಗಾರ್ಯರು ಹೆಣ್ಣುಮಕ್ಕಳಿಗೆಂದು ಶಾಲೆ ಶುರುಮಾಡಿದಾಗ, ಹುಡುಗಿಯರನ್ನು ಮನೆಯಿಂದ ಕರೆತರುತ್ತಿದ್ದುದು ಮುಚ್ಚಿದ ಎತ್ತಿನ ಗಾಡಿಯಲ್ಲಿ. ಓದಲಿ, ಆದರೆ ಬೀದಿ ಕಾಣಬಾರದು, ಬೀದಿಗೆ ಕಾಣಬಾರದು. ಆ ಗಾಡಿಯ ಪರದೆಯಿಂದ ಸೈಕಲ್ಲಿನ ಸೀಟಿಗೆ ಬರಲು ನಮ್ಮವರಿಗೆ ಎರಡು ಮೂರು ತಲೆಮಾರು ಬೇಕಾಯಿತು.

ಸೈಕಲ್ಲೇ ಏನು ಬಹಳ ಹಳೆಯದಲ್ಲ. ಮುಂದೆ ಆನೆಯಂಥ ದೊಡ್ಡ ಗಾಲಿ, ಹಿಂದೆ ಇಲಿಯಂಥ ಪುಟ್ಟ ಗಾಲಿ ಇದ್ದ ಸೈಕಲ್ಲುಗಳ ಚಿತ್ರ ನೋಡಿದ್ದೀರಲ್ಲ, ಅದನ್ನು ಏರಲು ಗಂಡಸರಿಗೇ ಧೈರ್ಯ ಬೇಕಿತ್ತು. ಎರಡೂ ಗಾಲಿ ಸಮನಾಗಿ, ಚೈನು ಹಿಂದಿನ ಗಾಲಿಗೆ ಬಂದದ್ದು 1885ರಲ್ಲಿ, ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ಲಿನಿಂದ. ಮೂರು ವರ್ಷದ ಮೇಲೆ, 1888ರಲ್ಲಿ, ಬೆಲ್‌ಫಾಸ್ಟಿನ ದನದ ಡಾಕ್ಟರು ಡನ್ಲಪ್ ತನ್ನ ಮಗನ ಮೂರು ಗಾಲಿಯ ಬಂಡಿ ಕುಲುಕಾಡದಿರಲೆಂದು ಗಾಳಿ ತುಂಬಿದ ಟೈರು ಮಾಡಿದ. ಅದರ ಬೆನ್ನಿಗೇ ಬಾರನ್ನು ಕೆಳಕ್ಕೆ ಬಗ್ಗಿಸಿ, ಹಿಂದಿನ ಗಾಲಿಗೆ ಬಲೆ ಕಟ್ಟಿ, ಲಂಗ ಸಿಕ್ಕಿಹಾಕಿಕೊಳ್ಳದ ಲೇಡೀಸ್ ಸೈಕಲ್ಲು ಬಂತು. ಅಲ್ಲಿಯ ಹೆಂಗಸರು ಹಿಂಡು ಹಿಂಡಾಗಿ ಹತ್ತಿ ಹೊರಟೇಬಿಟ್ಟರು.

ಈಗ ತಮಾಷೆ ಕೇಳಿ. ಹೆಂಗಸರು ಸೈಕಲ್ ಹತ್ತಿದ್ದೇ ತಡ, ಡಾಕ್ಟರುಗಳಿಗೆ ಕಾಯಿಲೆಗಳು ಕಾಣತೊಡಗಿದವು. ಗರ್ಭಕೋಶ ಜಾರುತ್ತದೆ, ನರ ದುರ್ಬಲವಾಗುತ್ತದೆ, ಎದೆಗೆ ಅಪಾಯ. ಎಲ್ಲಕ್ಕಿಂತ ಪ್ರಸಿದ್ಧವಾದದ್ದು ‘ಬೈಸಿಕಲ್ ಮುಖ’. 1890ರ ದಶಕದಲ್ಲಿ ಇಂಗ್ಲೆಂಡು, ಅಮೆರಿಕದ ಪತ್ರಿಕೆಗಳಲ್ಲಿ ಈ ರೋಗದ ವರ್ಣನೆ ಬಂದದ್ದೇ ಬಂದದ್ದು. ಬ್ಯಾಲೆನ್ಸು ಮಾಡಿ ಮಾಡಿ ಕಣ್ಣು ಉಬ್ಬುತ್ತದಂತೆ, ದವಡೆ ಬಿಗಿಯುತ್ತದಂತೆ, ಮುಖ ಕೆಂಪಾಗುತ್ತದೆ, ಇಲ್ಲವೇ ಬಿಳಿಚಿಕೊಳ್ಳುತ್ತದೆ! ಕೆಂಪೂ ಆಗಬಹುದು ಬಿಳಿಯೂ ಆಗಬಹುದು ಎಂದಮೇಲೆ ಯಾವ ಹೆಂಗಸು ತಪ್ಪಿಸಿಕೊಂಡಾಳು? ಶಿಕಾಗೋದ ಸಾರಾ ಹ್ಯಾಕೆಟ್ ಸ್ಟೀವನ್ಸನ್ ಎಂಬ ವೈದ್ಯೆ 1897ರಲ್ಲಿ ಇದನ್ನು ಅಲ್ಲಗಳೆದರು. ಸೈಕಲ್ಲಿನಿಂದ ಹೆಂಗಸರ ಆರೋಗ್ಯ ಕೆಡುವುದಿಲ್ಲ, ಸುಧಾರಿಸುತ್ತದೆ ಎಂದರು. ಆಮೇಲಾಮೇಲೆ ಆ ರೋಗವೇ ಮಾಯವಾಯಿತು. ಮೆಟ್ರೋಪೋಲ್ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಕಾರಿನ ಕಪ್ಪು ಗಾಜಿನಲ್ಲಿ ನನ್ನ ಮುಖ ಕಂಡಿತು. ಮಾಸ್ಕ್ ಗದ್ದಕ್ಕೆ ಜಾರಿತ್ತು. ಮೂಗು ಟೊಮೆಟೊ ಹಣ್ಣು, ಕಣ್ಣಲ್ಲಿ ನೀರು, ಕೆಮ್ಮು ತಡೆದು ತಡೆದು ದವಡೆ ಬಿಗಿದಿದೆ. ಇದೇ ಇರಬೇಕು ಬೈಸಿಕಲ್ ಮುಖ ಎಂದುಕೊಂಡು ಮಾಸ್ಕ್ ಮೇಲೆಳೆದುಕೊಂಡೆ.

ಆದರೆ ನಮ್ಮ ಮನೆಯಲ್ಲಿ ಅದು ತಮಾಷೆಯಾಗಿರಲಿಲ್ಲ.

ಅಮ್ಮನಿಗೆ ಸೈಕಲ್ಲು ಬಂದದ್ದು 1955ರಲ್ಲಿ, ಅವಳಿಗೆ ಹದಿನೈದಾಗಿದ್ದಾಗ. ಆಗ ನಮ್ಮ ದೇಶದಲ್ಲೇ ಸೈಕಲ್ಲು ತಯಾರಾಗಲು ಶುರುವಾಗಿ ಕೆಲವೇ ವರ್ಷ. ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಕಂಪನಿ 1949ರಲ್ಲಿ, ಸೋನೆಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ. ಅಮ್ಮನದು ಅವು ಯಾವುದೂ ಅಲ್ಲ. ತಾತ ಸರ್ಕಾರಿ ಗುಮಾಸ್ತೆ. ಅವರ ಸಾಹೇಬರೊಬ್ಬರು ವರ್ಗವಾಗಿ ಹೋಗುವಾಗ ಮಾರಿದ ಹಳೆಯ ರ‍್ಯಾಲಿ, ನಾಟಿಂಗ್‌ಹ್ಯಾಮಿನಲ್ಲಿ ತಯಾರಾದದ್ದು, ಚರ್ಮದ ಸೀಟು, ಹಿಂದಿನ ಗಾಲಿಗೆ ಹಗ್ಗದ ಬಲೆ. ತಾತ ಅದಕ್ಕೆ ಮುನಿಸಿಪಾಲಿಟಿಯ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಿದರಂತೆ. ಹೌದು, ಆಗ ಸೈಕಲ್ಲಿಗೂ ವರ್ಷವರ್ಷ ತೆರಿಗೆ. ರಾತ್ರಿ ದೀಪವಿಲ್ಲದೆ ಹೋದರೆ ಪೊಲೀಸಿನವನು ಹಿಡಿಯುತ್ತಿದ್ದ, ಇಬ್ಬರು ಕುಳಿತರೆ ಗಾಳಿ ಬಿಡುತ್ತಿದ್ದ. ಲಂಗದಾವಣಿಯ ಸೆರಗನ್ನು ಸೊಂಟಕ್ಕೆ ಬಿಗಿದು ಅಮ್ಮ ಇದೇ ರಸ್ತೆಯಲ್ಲಿ ಶಾಲೆಗೆ ಹೋಗುತ್ತಿದ್ದಳು. ಅವಳ ತರಗತಿಯಲ್ಲಿ ಸೈಕಲ್ಲಿದ್ದದ್ದು ಮೂವರಿಗೆ. ಆ ಮೂವರ ಹೆಸರನ್ನೂ ಅವಳು ಕೊನೆಯವರೆಗೆ ಮರೆತಿರಲಿಲ್ಲ, ನಮ್ಮ ಹೆಸರನ್ನು ಅದಲುಬದಲು ಮಾಡುವ ಕಾಲ ಬಂದಾಗಲೂ.

1957ರ ಧನುರ್ಮಾಸದಲ್ಲಿ ಅವಳಿಗೆ ನೆಗಡಿ ಬಂತು. ನನಗೆ ಬಂದಂಥದ್ದೇ, ಹೋಗಿಯೂ ಹೋಗದ ನೆಗಡಿ. ಒಂದು ತಿಂಗಳು ಕೆಮ್ಮು. ಮನೆಯಲ್ಲಿದ್ದ ತಾತನ ಅಕ್ಕ, ಬಾಲವಿಧವೆ, ಮನೆಯ ಆಡಳಿತವೆಲ್ಲ ಅವರದೇ, ತೀರ್ಪು ಕೊಟ್ಟರು: “ಹೆಣ್ಣು ಹುಡುಗಿ ಸೈಕಲ್ ತುಳಿದು ಎದೆಗೆ ಗಾಳಿ ಹೊಕ್ಕಿದೆ. ಇದು ಆ ಕಾಯಿಲೆಗೇ ತಿರುಗೋದು.” ಆ ಕಾಯಿಲೆ ಎಂದರೆ ಕ್ಷಯ. ಹೆಸರು ಹೇಳುವಂತಿರಲಿಲ್ಲ. ಅದಕ್ಕಾಗಿಯೇ ಕಟ್ಟಿದ ಆಸ್ಪತ್ರೆ ನಮ್ಮೂರಲ್ಲೇ ಇತ್ತಲ್ಲ. ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ನೆನಪಿಗೆ 1921ರಲ್ಲಿ ಶುರುವಾದ ಸ್ಯಾನಟೋರಿಯಂ. ನಾಲ್ವಡಿಯವರ ಒಡಹುಟ್ಟಿದವರನ್ನೇ ಅರಮನೆಯಿಂದ ಎತ್ತಿಕೊಂಡು ಹೋದ ರೋಗ, ಗುಮಾಸ್ತೆಯ ಮಗಳನ್ನು ಬಿಟ್ಟೀತೇ ಎಂದು ಅಜ್ಜಿ ಅಳುತ್ತಿದ್ದರಂತೆ.

ಒಂದು ದಿನ ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ, ತಾತ ಅವಳನ್ನು ಜಟಕಾದಲ್ಲಿ ಕೂರಿಸಿ, ತಲೆಗೆ ಶಾಲು ಮುಚ್ಚಿಸಿ, ಮುಂದೆ ಪರದೆ ಬಿಡಿಸಿ ಕರೆದುಕೊಂಡು ಹೋದರು. ಯಾರಾದರೂ ನೋಡಿದರೆ? ಹುಡುಗಿಯನ್ನು ಸ್ಯಾನಟೋರಿಯಮ್ಮಿನ ಗೇಟಿನಲ್ಲಿ ಕಂಡವರಿದ್ದಾರೆ ಎಂದರೆ ಸಾಕು, ಜಾತಕ ಹೊರಗೆ ಹೋಗುವುದಿಲ್ಲ. ಎಕ್ಸ್‌ರೇ, ಕಫ ಎಲ್ಲ ನೋಡಿದರು. ಏನೂ ಇರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕೆಮ್ಮು ತಾನಾಗಿ ನಿಂತಿತು.

ಸೈಕಲ್ಲು ಮಾತ್ರ ವಾಪಸು ಬರಲಿಲ್ಲ. ಅದು ಆಗಲೇ ಸೋದರಮಾವನ ಪಾಲಾಗಿತ್ತು. ಬಾರು ಬಗ್ಗಿದ ಲೇಡೀಸ್ ಸೈಕಲ್ಲೆಂದು ಗೆಳೆಯರು ಗೇಲಿ ಮಾಡಿದರೂ ಅವನು ಬಿಡಲಿಲ್ಲ. ಅಮ್ಮ ಕೇಳಿದಳಂತೆ, ಒಂದೇ ಸಲ. “ಡಾಕ್ಟರು ಏನೂ ಇಲ್ಲ ಅಂದ್ರಲ್ಲ ಅಪ್ಪ?” ತಾತ ಕೆಟ್ಟವರಲ್ಲ. “ಇಲ್ಲ ಅಂದಿದಾರೆ ಮಗು, ಆದ್ರೂ ಯಾಕೆ?” ಎಂದರಂತೆ. ಮರುವರ್ಷ ಮದುವೆಯಾಯಿತು. ನಮ್ಮಪ್ಪನ ಮನೆಯಲ್ಲಿ ಎರಡು ಸೈಕಲ್ಲುಗಳಿದ್ದವು, ಎರಡೂ ಗಂಡಸರವು. 2011ರಲ್ಲಿ ತೀರಿಕೊಳ್ಳುವವರೆಗೆ ಅಮ್ಮ ಮತ್ತೆ ಸೈಕಲ್ ಮುಟ್ಟಲಿಲ್ಲ. ನನಗೆ ಸೈಕಲ್ ಕಲಿಯಲು ಇಪ್ಪತ್ತೈದು ಪೈಸೆ ಕೊಡುತ್ತಿದ್ದವಳು ಅವಳೇ, ಸಾಸಿವೆ ಡಬ್ಬಿಯಿಂದ, ಅಪ್ಪನಿಗೆ ತಿಳಿಯದಂತೆ.

ಇಷ್ಟೆಲ್ಲ ಆಗುತ್ತಿದ್ದ ಅದೇ ವರ್ಷಗಳಲ್ಲಿ ಬೇರೆ ಕಡೆ ಏನು ನಡೆದಿತ್ತೆಂದು ಆಮೇಲೆ ಓದಿದಾಗ ನನಗೆ ಹೊಟ್ಟೆ ಉರಿಯಿತು. ಸ್ಟ್ರೆಪ್ಟೊಮೈಸಿನ್ 1943ರಲ್ಲೇ ಸಿಕ್ಕಿತ್ತು. 1956ರಲ್ಲಿ ಮದರಾಸಿನಲ್ಲಿ ಶುರುವಾದ ಸಂಶೋಧನಾ ಕೇಂದ್ರವೊಂದು, ಕ್ಷಯದವರು ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೂ ಸ್ಯಾನಟೋರಿಯಮ್ಮಿನಲ್ಲಿ ಮಲಗಿದವರಷ್ಟೇ ವಾಸಿಯಾಗುತ್ತಾರೆಂದು 1959ರಲ್ಲಿ ತೋರಿಸಿಕೊಟ್ಟಿತು. ಅದೇ ವರ್ಷ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ತೆರೆಯಿತು. ಅಮ್ಮನಿಗೆ ಆ ಕಾಯಿಲೆಯೇ ಇದ್ದಿದ್ದರೂ ಎರಡು ವರ್ಷದಲ್ಲಿ ಅದಕ್ಕೊಂದು ದಾರಿಯಿತ್ತು. ಇಲ್ಲದ ಕಾಯಿಲೆಗೆ ಎಲ್ಲಿಯ ಔಷಧಿ?

ನೆಗಡಿಗೂ ಗಾಳಿಗೂ ನಂಟು ಕಟ್ಟುವ ವಿಷಯಕ್ಕೆ ಬಂದರೆ ಇಂಗ್ಲೆಂಡಿನವರು ಅದನ್ನೂ ಪರೀಕ್ಷೆ ಮಾಡಿ ನೋಡಿದ್ದಾರೆ. ಸಾಲ್ಸ್‌ಬರಿ ಊರಿನ ಹತ್ತಿರ 1946ರಲ್ಲಿ ನೆಗಡಿಗೆಂದೇ ಒಂದು ಸಂಶೋಧನಾಲಯ ತೆರೆದರು. ಸ್ವಯಂಸೇವಕರಿಗೆ ಊಟ, ವಸತಿ, ಕೈಖರ್ಚು, ಜೊತೆಗೆ ಮೂಗಿಗೆ ವೈರಸ್ಸಿನ ಹನಿ! ಬಿಟ್ಟಿ ರಜೆಯೆಂದು ಜನ ಸಂತೋಷದಿಂದ ಹೋಗುತ್ತಿದ್ದರಂತೆ. ಅಲ್ಲಿ ಕೆಲವರನ್ನು ಸ್ನಾನ ಮಾಡಿಸಿ, ಮೈ ಒರೆಸಿಕೊಳ್ಳಗೊಡದೆ, ಗಾಳಿ ಬೀಸುವ ಓಣಿಯಲ್ಲಿ ನಿಲ್ಲಿಸಿದರು, ಒದ್ದೆ ಕಾಲುಚೀಲ ಹಾಕಿಸಿ ಕೂರಿಸಿದರು. ಒಣಗಿ ಬೆಚ್ಚಗಿದ್ದವರಿಗಿಂತ ಇವರಿಗೇನೂ ಹೆಚ್ಚು ನೆಗಡಿ ಬರಲಿಲ್ಲ. ಕೊರೊನಾ ಜಾತಿಯ ವೈರಸ್ಸೊಂದನ್ನು ಮನುಷ್ಯರ ನೆಗಡಿಯಲ್ಲಿ 1965ರಲ್ಲಿ ಗುರುತಿಸಿದವರೂ ಅವರೇ. ಆಗ ಅದು ಬರೀ ಮೂಗು ಸೋರಿಸುವ ಬಡಪಾಯಿ, ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಇದನ್ನೆಲ್ಲ ನಮ್ಮ ಸೊಸೆಗೆ ಹೇಳಿದ್ದೆ. “ಅವರು ಒದ್ದೆ ತಲೇಲಿ ಮಲಗಿ ನೋಡಲಿಲ್ಲವಲ್ಲ ಅತ್ತೆ” ಎಂದಳು.

ರೈಲ್ವೆ ಸ್ಟೇಷನ್ನಿನ ಹತ್ತಿರ ಬಂದಾಗ ಕೆಮ್ಮು ಹತ್ತಿತು. ಬಂದರೆ ಹಾಗೇ, ಹಿಡಿದು ಅಲ್ಲಾಡಿಸಿಬಿಡುತ್ತದೆ. ಒಂದು ಕಾಲು ನೆಲಕ್ಕೆ ಊರಿ, ಹ್ಯಾಂಡಲ್ಲಿನ ಮೇಲೆ ಬಗ್ಗಿ ಕೆಮ್ಮಿದೆ. ಅಲ್ಲೇ ನಿಂತಿದ್ದ ಆಟೋದವನು ನೀರಿನ ಬಾಟಲು ಚಾಚಿ, “ಬನ್ನಿಮ್ಮಾ, ಸೈಕಲ್ ಹಿಂದೆ ಕಟ್ಟಿಕೊಂಡು ಬಿಡ್ತೀನಿ, ಎಲ್ಲಿಗೆ ಹೋಗ್ಬೇಕು?” ಎಂದ. ಸ್ಯಾನಟೋರಿಯಂ ಎನ್ನಲು ಬಾಯಿ ಬರಲಿಲ್ಲ ನೋಡಿ! “ಇಲ್ಲೇ, ರೈಲ್ವೆ ಮ್ಯೂಸಿಯಂ ಹತ್ತಿರ” ಎಂದುಬಿಟ್ಟೆ. ಜಟಕಾದ ಪರದೆ ಹೋಗಿ ಅರವತ್ತು ವರ್ಷದ ಮೇಲಾಗಿದ್ದರೂ ಅದರ ನೆರಳು ನನ್ನ ಬಾಯಲ್ಲೇ ಇತ್ತು. ನಾಚಿಕೆಯಾಯಿತು. ಐದು ನಿಮಿಷ ಸುಧಾರಿಸಿಕೊಂಡು ಮತ್ತೆ ತುಳಿದೆ.

ನಾನೇನು ಜೀವನವಿಡೀ ಸೈಕಲ್ ಬಿಡದೆ ತುಳಿದವಳಲ್ಲ. ಕಾಲೇಜಿಗೆ ಹೋಗಿದ್ದು ಸೈಕಲ್ಲಿನಲ್ಲಿ. ಮದುವೆಯಾದ ಮೇಲೆ ಬಸ್ಸು, ಆಮೇಲೆ ಲೂನಾ, ಆಮೇಲೆ ಸ್ಕೂಟರು. ಹಳ್ಳಿಯ ಹೈಸ್ಕೂಲಿನಲ್ಲಿ ಮೇಡಂ ಆಗಿದ್ದೆ. 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟಾಗ ನಮ್ಮ ಶಾಲೆಯ ಅಂಗಳದಲ್ಲೇ ಹಂಚಿದೆವು. ಒಂದು ವಾರ ಪಾಠವೇ ನಡೆಯಲಿಲ್ಲ, ಎಲ್ಲರ ಮೊಣಕಾಲಿಗೂ ಟಿಂಚರು. ನಾಲ್ಕು ಮೈಲಿ ನಡೆದು ಬರುತ್ತಿದ್ದ ಮಕ್ಕಳು ಪ್ರಾರ್ಥನೆಗೆ ಮೊದಲೇ ಬಂದು ನಿಲ್ಲತೊಡಗಿದರು. ಎಲ್ಲ ಸುಖಾಂತವಲ್ಲ. ಕೆಲವು ಸೈಕಲ್ಲುಗಳ ಕ್ಯಾರಿಯರಿಗೆ ತಿಂಗಳೊಳಗೆ ಹಾಲಿನ ಕ್ಯಾನು ಬಂತು. ಒಬ್ಬ ಹುಡುಗಿ ಮತ್ತೆ ನಡೆದು ಬರಲು ಶುರುಮಾಡಿದಳು. ಯಾಕಮ್ಮ ಎಂದರೆ, “ಮೇಡಂ, ಹೊಟ್ಟೆನೋವು ಬರ್ತದೆ ಅಂತ ಅಣ್ಣಂಗೆ ಕೊಟ್ಟವ್ರೆ” ಎಂದಳು. ನಿಂಗೆ ಹೊಟ್ಟೆನೋವು ಬರುತ್ತಾ ಎಂದು ಕೇಳಿದೆ. ಇನ್ನೂ ಬಂದಿಲ್ಲ ಎಂದಳು. ಅವರಪ್ಪನನ್ನು ಕರೆಸಿ ಜಗಳವಾಡಿದೆ. ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಕಂಡು ಹೆಡ್‌ಮಾಸ್ಟರೇ ಗಾಬರಿಯಾದರು. ಸೈಕಲ್ಲು ವಾಪಸು ಬಂತು.

ಅದಕ್ಕೂ ಹದಿನೈದು ವರ್ಷ ಮೊದಲು, 1991-92ರಲ್ಲಿ, ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆ ಹಳ್ಳಿಯ ಹೆಂಗಸರಿಗೆ ಸೈಕಲ್ಲು ಕಲಿಸಿದರು. ಶೀಲಾ ರಾಣಿ ಚುಂಕತ್ ಅಲ್ಲಿಯ ಕಲೆಕ್ಟರು. ಕಲ್ಲುಕ್ವಾರಿಯಲ್ಲಿ ದುಡಿಯುವವರು, ಅಂಗನವಾಡಿಯವರು, ಕೂಲಿಯವರು ಸಾವಿರ ಸಾವಿರ ಲೆಕ್ಕದಲ್ಲಿ ಕಲಿತರು. ಪಿ. ಸಾಯಿನಾಥ್ ಇದನ್ನು ಹೋಗಿ ನೋಡಿ ಬರೆದಿದ್ದಾರೆ. ಅದರಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಒಂದಿದೆ. ಆ ಹೆಂಗಸರಲ್ಲಿ ಹಲವರಿಗೆ ಲೇಡೀಸ್ ಸೈಕಲ್ಲಿಗಿಂತ ಗಂಡಸರ ಸೈಕಲ್ಲೇ ಮೆಚ್ಚಿಗೆ. ಯಾಕೆಂದರೆ ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು! ಬಾರು ಬಗ್ಗಿಸಿ ನಮಗೆ ಉಪಕಾರ ಮಾಡಿದೆವೆಂದುಕೊಂಡ ಇಂಗ್ಲೆಂಡಿನವರಿಗೆ ಇದು ಹೊಳೆದಿರಲಿಲ್ಲ.

ನಿವೃತ್ತಿಯಾದ ಮೇಲೆ ಮೊದಲ ಪಿಂಚಣಿಯಲ್ಲಿ ನಾನು ಕೊಂಡದ್ದು ಈ ಸೈಕಲ್ಲನ್ನು. ಅದಕ್ಕೆ ಮೊದಲು, 2017ರಲ್ಲಿ ನಮ್ಮೂರಿಗೆ ‘ಟ್ರಿಣ್ ಟ್ರಿಣ್’ ಬಂದಿತ್ತಲ್ಲ, ಕಾರ್ಡು ತೋರಿಸಿ ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡುವ 450 ಸೈಕಲ್ಲುಗಳು, ಅದರಲ್ಲೊಂದನ್ನು ಹತ್ತಿ ನೋಡಿದ್ದೆ. ಕಾಲು ಮರೆತಿರಲಿಲ್ಲ. ಅಮೆರಿಕದಲ್ಲಿ ಫ್ರಾನ್ಸಿಸ್ ವಿಲ್ಲರ್ಡ್ ಎಂಬಾಕೆ, ಹೆಂಗಸರ ಪಾನನಿರೋಧ ಸಂಘದ ದೊಡ್ಡ ನಾಯಕಿ, ತನ್ನ ಐವತ್ತಮೂರನೆಯ ವಯಸ್ಸಿನಲ್ಲಿ, ತಾಯಿಯನ್ನು ಕಳೆದುಕೊಂಡು ಆರೋಗ್ಯ ಕುಸಿದಿದ್ದಾಗ ಸೈಕಲ್ ಕಲಿತರು. ಸೈಕಲ್ಲಿಗೆ ಗ್ಲ್ಯಾಡಿಸ್ ಎಂದು ಹೆಸರಿಟ್ಟು, ಕಲಿತ ಕಥೆಯನ್ನು 1895ರಲ್ಲಿ ಪುಸ್ತಕ ಮಾಡಿದರು. ಮೂರು ವರ್ಷದ ಮೇಲೆ, ಬೆಂಗಳೂರಿಗೆ ಪ್ಲೇಗು ಬಂದ ಅದೇ 1898ರಲ್ಲಿ, ಅವರನ್ನು ಕೊಂಡೊಯ್ದದ್ದು ಇನ್‌ಫ್ಲುಯೆಂಜಾ. ಇದನ್ನು ಮನೆಯಲ್ಲಿ ಹೇಳಿಲ್ಲ. ಹೇಳಿದರೆ ಸೈಕಲ್ಲಿನ ಬೀಗದ ಕೈ ಕಾಣೆಯಾದೀತು.

ಹಟ ಯಾಕೆಂದು ಈಗ ನಿಮಗೆ ತಿಳಿದಿರಬಹುದು. ನೆಗಡಿಯಲ್ಲಿ ಸೈಕಲ್ ತುಳಿಯುವುದು ಜಾಣತನವೆಂದು ನಾನು ವಾದಿಸುವುದಿಲ್ಲ. ಜ್ವರವಿದ್ದಾಗ ನಾನೂ ಮಲಗಿದ್ದೆ. ಆದರೆ ನಾವು ಹೆಂಗಸರು ಯಾವುದನ್ನೂ ಬಿಟ್ಟೆವೆಂದು ಹೇಳಿ ಬಿಡುವುದಿಲ್ಲ ನೋಡಿ. ಹುಷಾರಾದ ಮೇಲೆ ಅಂತೀವಿ, ಮಳೆ ನಿಂತ ಮೇಲೆ, ಮಗುವಿನ ಪರೀಕ್ಷೆ ಮುಗಿದ ಮೇಲೆ. ಅಮ್ಮನೂ ಹುಷಾರಾದ ಮೇಲೆ ಎಂದುಕೊಂಡೇ ಅಂದು ಜಟಕಾ ಹತ್ತಿದ್ದಳು. ಅರವತ್ತು ದಾಟಿದ ನಾನು ಮೂರು ವಾರ ಬಿಟ್ಟಿದ್ದೆ. ಇನ್ನೊಂದು ವಾರ ಹೋದರೆ ಆಟೋ ಅಭ್ಯಾಸವಾಗುತ್ತದೆಂದು ನನಗೇ ಗೊತ್ತಿತ್ತು.

ಕೆ.ಆರ್.ಎಸ್. ರಸ್ತೆಯಲ್ಲಿ ಮ್ಯೂಸಿಯಂ ದಾಟಿ, ಆಹಾರ ಸಂಶೋಧನಾಲಯವಿರುವ ಚೆಲುವಾಂಬ ಬಂಗಲೆ ದಾಟಿ ಹೋದೆ. ಸ್ಯಾನಟೋರಿಯಮ್ಮಿನ ಮರಗಳ ಕೆಳಗೆ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದಾಗ ಬೆವರು ಇಳಿಯುತ್ತಿತ್ತು, ಬಲಗಿವಿ ಪಟ್ಟೆಂದು ಬಿಟ್ಟುಕೊಂಡಿತು. ಒಳಗೆ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಹದಿನೇಳು ಹದಿನೆಂಟರ ಹುಡುಗಿ, ದುಪಟ್ಟಾದಲ್ಲಿ ಮುಖ ಪೂರ್ತಿ ಮುಚ್ಚಿಕೊಂಡಿದ್ದಳು, ಕಣ್ಣು ಮಾತ್ರ ಕಾಣುವಂತೆ. ಜೊತೆಗೆ ಅವಳಪ್ಪ. ಅವಳಿಗೆ ಏನು ಹೇಳಿದರೋ ಕೇಳಿಸಲಿಲ್ಲ, ಆರು ತಿಂಗಳು ಎಂಬ ಮಾತು ಮಾತ್ರ ಕೇಳಿಸಿತು. ಅಪ್ಪ ಗೋಡೆ ನೋಡುತ್ತಿದ್ದರು. ನನ್ನ ಸರದಿ ಬಂದಾಗ ಕೌಂಟರಿನ ಹುಡುಗಿ ಚೀಟಿ ನೋಡಿ, “ನೆಗೆಟಿವ್ ಆಂಟಿ, ಏನೂ ಇಲ್ಲ” ಎಂದಳು.

ಹೊರಗೆ ಬಂದರೆ ಆ ತಂದೆ ಮಗಳು ಬಸ್ಸಿಗೆ ನಿಂತಿದ್ದರು. ಮಗು, ಏನು ಓದ್ತಿದ್ದೀಯಮ್ಮ ಎಂದು ಕೇಳಿದೆ. ಪಿ.ಯು. ಎಂದಳು. ಕಾಲೇಜಿಗೆ ಹೇಗೆ ಹೋಗ್ತೀಯ ಎಂದರೆ, ಸೈಕಲ್ ಎಂದು ಹೇಳಿ ಅಪ್ಪನ ಮುಖ ನೋಡಿದಳು. ನಾನು ಅವರಿಗೇ ಹೇಳಿದೆ, ನಮ್ಮಮ್ಮನೂ ಇದೇ ಆಸ್ಪತ್ರೆಗೆ ಬಂದಿದ್ದಳು, ಇದೇ ವಯಸ್ಸಿನಲ್ಲಿ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಡಾಕ್ಟರು ಹೂಂ ಅಂದ ದಿನ ಸೈಕಲ್ಲು ವಾಪಸು ಕೊಡಿ, ಬೇರೆ ಯಾರಿಗೂ ಕೊಟ್ಟುಬಿಡಬೇಡಿ. ಅವರಿಗೆ ಎಷ್ಟು ಅರ್ಥವಾಯಿತೋ, “ಆಗಲಿ ಬಿಡಿಮ್ಮಾ” ಎಂದರು. ಬಸ್ಸು ಬಂತು, ಹತ್ತಿದರು.

ವಾಪಸು ರೈಲ್ವೆ ಸ್ಟೇಷನ್ನಿನ ಸಿಗ್ನಲ್ಲಿನಲ್ಲಿ ಫೋನು ಬಾರಿಸಿತು. ಬಸ್ಸಿನ ಹೊಗೆ ಮುಖಕ್ಕೇ ಬರುತ್ತಿತ್ತು.

“ಅತ್ತೆ, ರಿಸಲ್ಟು?”

“ಏನೂ ಇಲ್ವಂತೆ. ನೆಗಡಿಯ ಬಾಲ.”

“ಅಬ್ಬ! ಈಗೆಲ್ಲಿದ್ದೀರಿ? ಆಟೋಲಿ ಬರ್ತಿದ್ದೀರಾ?”

ಹಸಿರು ದೀಪ ಬಿತ್ತು. ಮನೆಗೆ ಬಂದು ಹೇಳ್ತೀನಿ ಎಂದು ಫೋನನ್ನು ಚೀಲಕ್ಕೆ ಹಾಕಿ ಪೆಡಲು ಒತ್ತಿದೆ.